ಫೋಟೋಶಾಪ್‌ನಲ್ಲಿ ಎಐ ಕೈಕೊಟ್ರೆ ಮೊದಲು ಎಲ್ಲಿ ನೋಡಬೇಕು? ಸ್ಟುಡಿಯೋ, ಫ್ಲೆಕ್ಸ್ ಅಂಗಡಿಯವರಿಗೆ ಮಾಹಿತಿ

ಮದುವೆ ಆಲ್ಬಂ ನಾಳೆ ಬೆಳಗ್ಗೆ ಕೊಡಬೇಕು. ವಧು-ವರರ ಹಿಂದೆ ಶಾಮಿಯಾನದ ಕಂಬ, ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ. ಸೆಲೆಕ್ಟ್ ಮಾಡಿ ಜನರೇಟಿವ್ ಫಿಲ್ ಒತ್ತಿದ್ರೆ ಪಟ್ಟಿ ಅರ್ಧಕ್ಕೆ ಹೋಗಿ ನಿಲ್ಲುತ್ತೆ, ಆಮೇಲೆ ಎರರ್. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ - ಯಾವ ಊರಿನ ಅಂಗಡಿಯಲ್ಲಾದರೂ ಆಗಬಹುದಾದ ಫಜೀತಿ ಇದು. ಇಂಥ ಹೊತ್ತಲ್ಲಿ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡೋದು, ಸಾಫ್ಟ್‌ವೇರ್ ಕಿತ್ತು ಮತ್ತೆ ಹಾಕೋದು ಸಾಮಾನ್ಯ. ಬಹಳ ಸಲ ಅದರಿಂದ ಪ್ರಯೋಜನ ಆಗಲ್ಲ, ಯಾಕಂದ್ರೆ ಕೆಲಸ ನಡೆಯೋದೇ ನಿಮ್ಮ ಕಂಪ್ಯೂಟರ್‌ನಲ್ಲಿ ಅಲ್ಲ.

ಅಡೋಬಿ ಕಂಪನಿ ಜನರೇಟಿವ್ ಫಿಲ್ ಅನ್ನು 2023ರ ಮೇ ತಿಂಗಳಲ್ಲಿ ಪರೀಕ್ಷಾರ್ಥವಾಗಿ ಬಿಟ್ಟು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಫೋಟೋಶಾಪ್‌ನ 25ನೇ ಆವೃತ್ತಿಯಲ್ಲಿ ಎಲ್ಲರಿಗೂ ಕೊಟ್ಟಿತು. ನೀವು ಗುರುತು ಹಾಕಿದ ಭಾಗ ಇಂಟರ್‌ನೆಟ್ ಮೂಲಕ ಕಂಪನಿಯ ಸರ್ವರ್‌ಗೆ ಹೋಗುತ್ತೆ. ಅಲ್ಲಿ ಫೈರ್‌ಫ್ಲೈ ಎಂಬ ಎಐ ಹೊಸ ಚಿತ್ರ ಮಾಡಿ ವಾಪಸ್ ಕಳಿಸುತ್ತೆ. ನೆಟ್, ಅಕೌಂಟ್, ಸರ್ವರ್ ಮೂರೂ ಸರಿಯಿದ್ರೆ ಮಾತ್ರ ಕೆಲಸ. ಕ್ಲೋನ್ ಸ್ಟ್ಯಾಂಪ್, ಹೀಲಿಂಗ್ ಬ್ರಷ್, ಪ್ಯಾಚ್ ಟೂಲ್, 2010ರಿಂದ ಇರುವ ಕಂಟೆಂಟ್ ಅವೇರ್ ಫಿಲ್ ಇವೆಲ್ಲ ನೆಟ್ ಇಲ್ಲದಿದ್ರೂ ನಡೀತವೆ. ಇವು ನಡೀತಾ ಇದ್ದು ಎಐ ಮಾತ್ರ ನಿಂತಿದ್ರೆ ಕಂಪ್ಯೂಟರ್ ರಿಪೇರಿಗೆ ಒಯ್ಯೋ ಅವಸರ ಬೇಡ.

ವಾಟ್ಸ್ಆ್ಯಪ್ ಬರುತ್ತೆ, ಎಐ ಬರಲ್ಲ

"ನೆಟ್ ಇದೆಯಲ್ಲ, ಮೆಸೇಜ್ ಬರ್ತಾ ಇದೆ" ಅನ್ನೋದೇ ಇಲ್ಲಿ ದಾರಿ ತಪ್ಪಿಸೋ ಮಾತು. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡೋ ಅಂಗಡಿಗಳಲ್ಲಿ ದಿನದ ಡೇಟಾ ಮಿತಿ ಮುಗಿದ ಮೇಲೆ ನೆಟ್ ಪೂರ್ತಿ ನಿಲ್ಲಲ್ಲ. ಹಲವು ಪ್ಲಾನ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತೆ. ಅಷ್ಟರಲ್ಲಿ ಮೆಸೇಜ್ ದಾಟುತ್ತೆ, ಫೋಟೋ ದಾಟಲ್ಲ. ಸರ್ವರ್ ಒಂದಿಷ್ಟು ಹೊತ್ತು ಕಾದು ಕೈಬಿಡುತ್ತೆ.

ಸ್ಪೀಡ್ ಟೆಸ್ಟ್ ಮಾಡುವಾಗ ಡೌನ್‌ಲೋಡ್ ಅಂಕಿ ನೋಡಿ ಸಮಾಧಾನ ಪಡಬೇಡಿ, ಅಪ್‌ಲೋಡ್ ನೋಡಿ. ಯೂಟ್ಯೂಬ್ ಚೆನ್ನಾಗಿ ಓಡಿದ್ರೂ ಅಪ್‌ಲೋಡ್ ಕುಂಟುತ್ತಿರಬಹುದು. ಕೊಟ್ಟೂರು ತೇರು, ಮೈಲಾರದ ಕಾರಣಿಕದಂಥ ದಿನ ಲಕ್ಷಾಂತರ ಜನ ಒಂದೇ ಕಡೆ ಸೇರಿ ಎಲ್ಲರೂ ವಿಡಿಯೋ ಕಳಿಸುವಾಗ ಟವರ್ ಮೇಲೆ ಒತ್ತಡ ಬೀಳುತ್ತೆ. ಆವತ್ತಿನ ಕೆಲಸವನ್ನ ರಾತ್ರಿಗೋ ಬೆಳಗಿನ ಜಾವಕ್ಕೋ ಇಟ್ಟುಕೊಳ್ಳೋದು ವಾಸಿ.

ಬ್ರಾಡ್‌ಬ್ಯಾಂಡ್ ಇದ್ದವರಿಗೆ ಒಂದು ಸುಲಭದ ಪರೀಕ್ಷೆ ಇದೆ. ಬೇರೆ ಕಂಪನಿ ಸಿಮ್ಮಿನ ಹಾಟ್‌ಸ್ಪಾಟ್ ಹಚ್ಚಿ ನೋಡಿ. ಅದರಲ್ಲಿ ಎಐ ನಡೆದ್ರೆ ತಪ್ಪು ರೂಟರ್ ಅಥವಾ ಲೈನಿನದು. ಅದರಲ್ಲೂ ನಡೀದಿದ್ರೆ ಕಂಪ್ಯೂಟರ್, ಅಕೌಂಟ್ ಅಥವಾ ಸರ್ವರ್ ಕಡೆ ಹುಡುಕಬೇಕು. ವಿಪಿಎನ್ ಹಾಕಿದ್ರೆ ತೆಗೀರಿ. ಆಂಟಿವೈರಸ್ ಫೈರ್‌ವಾಲ್ ಫೋಟೋಶಾಪ್‌ಗೆ ತಡೆ ಹಾಕಿದೆಯಾ ನೋಡಿ.

ಕರೆಂಟ್ ಹೋದ ಮೇಲೆ ತಾರೀಖು ತಪ್ಪಿದ್ರೆ

ಹಳೇ ಕಂಪ್ಯೂಟರ್‌ಗಳಲ್ಲಿ ಇದೊಂದು ಕಾರಣ ಯಾರಿಗೂ ಹೊಳೆಯಲ್ಲ. ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಸಿಆರ್ 2032 ಸೆಲ್ ಇರುತ್ತೆ. ಅದು ಸತ್ತಿದ್ರೆ ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿಬಿಡುತ್ತೆ. ಸುರಕ್ಷಿತ ಸಂಪರ್ಕಕ್ಕೆ ತಾರೀಖು ಸರಿ ಇರಲೇಬೇಕು. ತಪ್ಪಿದ್ರೆ ಸರ್ವರ್ ಜೊತೆ ಮಾತುಕತೆ ಕೂಡಲ್ಲ, ಲಾಗಿನ್ ಸಹ ಆಗಲ್ಲ. ಮೂಲೆಯ ಗಡಿಯಾರ ನೋಡಿ, ಸರಿ ಮಾಡಿ, ಸೆಲ್ ಬದಲಿಸಿ. ಸಣ್ಣ ಖರ್ಚಿನ ಕೆಲಸ.

ಬಟನ್ನೇ ಮಸುಕಾಗಿದ್ರೆ

ಮೊದಲು ಫೋಟೋದಲ್ಲಿ ಸೆಲೆಕ್ಷನ್ ಇದೆಯಾ ನೋಡಿ. ಆಮೇಲೆ ಆವೃತ್ತಿ: 25ಕ್ಕಿಂತ ಹಳೇದ್ರಲ್ಲಿ ಈ ಸೌಲಭ್ಯವೇ ಇಲ್ಲ, ವಿಂಡೋಸ್ 7 ಇರುವ ಯಂತ್ರದಲ್ಲಿ ಹೊಸ ಫೋಟೋಶಾಪ್ ಕೂರಲ್ಲ. ಅಕೌಂಟಿನ ವಯಸ್ಸೂ ಮುಖ್ಯ. 18 ತುಂಬದವರ ಜನ್ಮದಿನಾಂಕ ಕೊಟ್ಟು ಐಡಿ ಮಾಡಿದ್ರೆ ಎಐ ತೆರೆಯಲ್ಲ. ಮಗನ ಹೆಸರಲ್ಲಿ ಐಡಿ ಮಾಡಿಸಿದ ಅಂಗಡಿಯವರು ಇದನ್ನ ಒಮ್ಮೆ ನೋಡಿಕೊಳ್ಳಿ. ಒಮ್ಮೆ ಸೈನ್ ಔಟ್ ಆಗಿ ಮತ್ತೆ ಸೈನ್ ಇನ್ ಆದ್ರೂ ಕೆಲವು ಸಲ ಸರಿ ಹೋಗುತ್ತೆ.

ಇನ್ನು ಕ್ರ್ಯಾಕ್ ಮಾತು. ಕಳ್ಳ ಆವೃತ್ತಿಗಳು ಅಡೋಬಿ ಸರ್ವರ್ ಸಂಪರ್ಕ ಕಡಿದುಕೊಂಡೇ ಬದುಕೋದು. ಸರ್ವರ್‌ನಲ್ಲೇ ನಡೆಯೋ ಎಐ ಅದರಲ್ಲಿ ನಡೆಯಬೇಕು ಅನ್ನೋದು ಬಾವಿ ಮುಚ್ಚಿ ನೀರು ಕೇಳಿದ ಹಾಗೆ. ಬೇಸರದ ಸಂಗತಿ ಏನಂದ್ರೆ, ಆಮೇಲೆ ದುಡ್ಡು ಕೊಟ್ಟು ಅಸಲಿ ಚಂದಾ ತೆಗೆದುಕೊಂಡವರಿಗೂ ಈ ಕಾಟ ಉಳಿಯುತ್ತೆ. ಹಳೇ ಕ್ರ್ಯಾಕ್ ವಿಂಡೋಸ್‌ನ ಹೋಸ್ಟ್ಸ್ ಫೈಲಿನಲ್ಲಿ ಅಡೋಬಿ ವಿಳಾಸಗಳಿಗೆ ಬೀಗ ಹಾಕಿ ಹೋಗಿರುತ್ತೆ. ಸಿ ಡ್ರೈವ್‌ನ ವಿಂಡೋಸ್, ಸಿಸ್ಟಮ್32, ಡ್ರೈವರ್ಸ್, ಇಟಿಸಿ ಫೋಲ್ಡರ್‌ನಲ್ಲಿ ಆ ಫೈಲಿದೆ. ಅಡೋಬಿ ಹೆಸರಿನ ಸಾಲುಗಳನ್ನ ಅಳಿಸಬೇಕು, ಅಥವಾ ಕಂಪನಿಯದೇ ಲಿಮಿಟೆಡ್ ಆ್ಯಕ್ಸೆಸ್ ರಿಪೇರಿ ಟೂಲ್ ಬಳಸಬೇಕು.

ಕ್ರೆಡಿಟ್ ಲೆಕ್ಕವೂ ಇದೆ. ಚಂದಾ ಪ್ಲಾನ್‌ಗೆ ತಕ್ಕಂತೆ ತಿಂಗಳಿಗೆ ಇಂತಿಷ್ಟು ಜನರೇಟಿವ್ ಕ್ರೆಡಿಟ್ ಸಿಗುತ್ತೆ. ಹಲವು ಪ್ಲಾನ್‌ಗಳಲ್ಲಿ ಜನರೇಟ್ ಒತ್ತಿದಾಗ ಕಡಿತ. ಬಾಕಿ ಎಷ್ಟಿದೆ ಅನ್ನೋದು ಅಕೌಂಟ್ ಪುಟದಲ್ಲಿ ಕಾಣುತ್ತೆ.

ತಪ್ಪಿಲ್ಲದಿದ್ರೂ "ನಿಯಮ ಉಲ್ಲಂಘನೆ"

ತೊಟ್ಟಿಲ ಕಾರ್ಯದ ಮಗು, ಬರಿಮೈ ಅರ್ಚಕರು, ಪಲ್ಲಕ್ಕಿ ಹೊತ್ತವರು - ಮೈ ಕಾಣುವ ಫೋಟೋಗಳಲ್ಲಿ ಎಐ ತಪ್ಪು ತಿಳಿದು ನಿಯಮ ಮೀರಿದ್ದೀರಿ ಅಂತ ಫಲಿತಾಂಶ ತಡೆಯಬಹುದು. ಸೆಲೆಕ್ಷನ್ ಚಿಕ್ಕದು ಮಾಡಿ, ಮೈ ಭಾಗ ಬಿಟ್ಟು ಗುರುತು ಹಾಕಿ, ಬರಹದ ಜಾಗ ಖಾಲಿ ಬಿಟ್ಟು ಒತ್ತಿ. ಖಾಲಿ ಬಿಟ್ರೆ ಸುತ್ತಲಿನ ಹಿನ್ನೆಲೆ ನೋಡಿಯೇ ತುಂಬುತ್ತೆ, ಕಂಬ ಕುರ್ಚಿ ತೆಗೆಯೋಕೆ ಅದೇ ಸಾಕು.

ತಪ್ಪು ನಿಮ್ಮದಲ್ಲದ ದಿನಗಳೂ ಇರ್ತವೆ. 2025ರ ಅಕ್ಟೋಬರ್ 20ರಂದು, ದೀಪಾವಳಿ ಹೊತ್ತಿನಲ್ಲೇ, ಅಮೆಜಾನ್‌ನ ಕ್ಲೌಡ್ ಕೈಕೊಟ್ಟು ಕ್ಯಾನ್ವಾ ಸೇರಿ ಎಷ್ಟೋ ಸೇವೆಗಳು ನಿಂತವು. ನವೆಂಬರ್ 18ರಂದು ಕ್ಲೌಡ್‌ಫ್ಲೇರ್ ತೊಂದರೆಯಿಂದ ಚಾಟ್‌ಜಿಪಿಟಿ, ಕ್ಯಾನ್ವಾ ಮತ್ತೆ ಅಡಚಣೆ ಕಂಡವು. ಅಡೋಬಿ ಸ್ಥಿತಿ ತಿಳಿಯೋಕೆ ಸ್ಟೇಟಸ್ ಡಾಟ್ ಅಡೋಬಿ ಡಾಟ್ ಕಾಮ್ ಪುಟ ನೋಡಿ. ಅಲ್ಲಿ ದೋಷ ತೋರಿಸ್ತಾ ಇದ್ರೆ ಕಾಯೋದು ಬಿಟ್ಟು ದಾರಿಯಿಲ್ಲ.

ಇಂಥ ಹೊತ್ತಲ್ಲಿ ಗೂಗಲ್‌ನಲ್ಲಿ ಸಿಕ್ಕ "ಕಸ್ಟಮರ್ ಕೇರ್" ನಂಬರಿಗೆ ಫೋನ್ ಮಾಡಬೇಡಿ. ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸಿ ಕಂಪ್ಯೂಟರ್ ಕೈಗೆ ತೆಗೆದುಕೊಂಡು ಖಾತೆ ಖಾಲಿ ಮಾಡೋರಿದ್ದಾರೆ. ದುಡ್ಡು ಹೋದ್ರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಆಲ್ಬಂ ನಿಲ್ಲಬಾರದು ಅಂದ್ರೆ

ಫೋಟೋಶಾಪ್‌ನ ಹೊಸ ಆವೃತ್ತಿಗಳ ರಿಮೂವ್ ಟೂಲ್‌ನಲ್ಲಿ ಜನರೇಟಿವ್ ಎಐ ಆಫ್ ಮಾಡೋ ಆಯ್ಕೆ ಇದೆ. ಆಗ ಅದು ಯಂತ್ರದಲ್ಲೇ ಕೆಲಸ ಮಾಡುತ್ತೆ. ಸೆಲೆಕ್ಟ್ ಸಬ್ಜೆಕ್ಟ್ ನಿಂತಿದ್ರೆ ಪ್ರಿಫರೆನ್ಸಸ್‌ನ ಇಮೇಜ್ ಪ್ರೊಸೆಸಿಂಗ್‌ನಲ್ಲಿ ಕ್ಲೌಡ್ ಬದಲು ಡಿವೈಸ್ ಆರಿಸಿ. ಕೂದಲಿನ ಅಂಚು ಸ್ವಲ್ಪ ಒರಟಾಗಬಹುದು, ಕೆಲಸವಂತೂ ನಿಲ್ಲಲ್ಲ. ಕಂಟ್ರೋಲ್, ಆಲ್ಟ್, ಶಿಫ್ಟ್ ಒಟ್ಟಿಗೆ ಹಿಡಿದು ಫೋಟೋಶಾಪ್ ತೆರೆದು ಸೆಟ್ಟಿಂಗ್ ಅಳಿಸೋದು ಕೊನೆಯ ಉಪಾಯ. ಅದಕ್ಕೂ ಮುಂಚೆ ಆಲ್ಬಂ ಆ್ಯಕ್ಷನ್‌ಗಳನ್ನ ಬೇರೆ ಕಡೆ ಸೇವ್ ಮಾಡಿಕೊಳ್ಳಿ, ಇಲ್ಲದಿದ್ರೆ ಅವೂ ಹೋಗಿಬಿಡಬಹುದು.

ಪಾಸ್‌ಪೋರ್ಟ್ ಫೋಟೋಗೆ ಮಾತ್ರ ಎಐ ನಡೆದ್ರೂ ಬಳಸಬೇಡಿ. ಮುಖ ತಿದ್ದಿದ ಫೋಟೋ ತಿರಸ್ಕಾರವಾದ್ರೆ ಓಡಾಟ ಗಿರಾಕಿಗೆ, ಬೈಗುಳ ಅಂಗಡಿಗೆ.