‘ಕ್ಯಾಲಿಗರಿ’ ಚಿತ್ರದ ಚೌಕಟ್ಟಿನ ವಿವಾದ

1920ರ ಫೆಬ್ರವರಿಯಲ್ಲಿ ಬರ್ಲಿನ್ನಿನಲ್ಲಿ ತೆರೆಕಂಡ ಮೂಕಿಚಿತ್ರ ‘ದಿ ಕ್ಯಾಬಿನೆಟ್ ಆಫ್ ಡಾ. ಕ್ಯಾಲಿಗರಿ’ ಭಯಾನಕ ಚಿತ್ರಪರಂಪರೆಯ ಆದ್ಯಕೃತಿಗಳಲ್ಲೊಂದು. ಇದರಲ್ಲಿ ಹುಚ್ಚಾಸ್ಪತ್ರೆಯ ಮುಖ್ಯಸ್ಥನೇ ಕೊಲೆಗಳ ಸೂತ್ರಧಾರ. ಆದರೆ ಕೊನೆಗೆ ಇಡೀ ಕಥೆ ರೋಗಿಯೊಬ್ಬನ ಭ್ರಮೆಯೆಂದು ತಿಳಿಯುತ್ತದೆ. ಈ ಚೌಕಟ್ಟನ್ನು ತಮ್ಮ ವಿರೋಧವನ್ನು ಕಡೆಗಣಿಸಿ ಹೇರಲಾಯಿತೆಂದು ಲೇಖಕರಲ್ಲೊಬ್ಬರಾದ ಹಾನ್ಸ್ ಯಾನೊವಿಟ್ಸ್ ಮುಂದೆ ದೂರಿದರು. ಆ ಹೇಳಿಕೆಯನ್ನು ನೆಚ್ಚಿ ಸೀಗ್‌ಫ್ರೀಡ್ ಕ್ರಾಕೌವರ್ 1947ರಲ್ಲಿ, ಅಧಿಕಾರವನ್ನು ಖಂಡಿಸುವ ಕಥೆಯು ನಿರ್ದೇಶಕ ರಾಬರ್ಟ್ ವೀನೆಯವರ ಕೈಯಲ್ಲಿ ಅಧಿಕಾರದ ಸಮರ್ಥನೆಯಾಯಿತೆಂದು ವಾದಿಸಿದರು.

ನಟ ವೆರ್ನರ್ ಕ್ರೌಸ್ ಅವರ ಬಳಿ ಉಳಿದಿದ್ದ ಚಿತ್ರಕಥೆ 1995ರಲ್ಲಿ ಅಚ್ಚಾಯಿತು. ಅದರಲ್ಲಿಯೂ ಒಂದು ಚೌಕಟ್ಟು ಇದೆ. ಆದರೆ ಅಲ್ಲಿ ಫ್ರಾನ್ಸಿಸ್ ರೋಗಿಯಲ್ಲ. ವರ್ಷಗಳ ಬಳಿಕ ಗೆಳೆಯರಿಗೆ ನಡೆದುದನ್ನು ಹೇಳುವ ಗೃಹಸ್ಥ. ಆದ್ದರಿಂದ ಯಾನೊವಿಟ್ಸರ ದೂರನ್ನು ಪೂರ್ತಿಯಾಗಿ ಒಪ್ಪಲೂ ತಳ್ಳಿಹಾಕಲೂ ಬರುವುದಿಲ್ಲ. ನಿರ್ಮಾಣಕಾಲದ ಮನಸ್ತಾಪಗಳನ್ನು ಕುರಿತ ನೆನಪುಗಳನ್ನು ಲಿಖಿತ ಆಧಾರದೊಡನೆ ಹೋಲಿಸಿಯೇ ಬಳಸಬೇಕೆಂದು ನಾವು ಭಾವಿಸುತ್ತೇವೆ.