ಹಳಿಯ ಮೇಲಿನ ಟ್ರಾಲಿ

1853ರ ಏಪ್ರಿಲ್ 16ರಂದು ಬೊಂಬಾಯಿಯಿಂದ ಠಾಣೆಗೆ ರೈಲು ಓಡಿದ ಚರಿತ್ರೆ ನಮಗೆಲ್ಲ ಗೊತ್ತು. ಹಳಿ ಕಾದವರ ಚರಿತ್ರೆಯನ್ನು ಓದಿದವರು ಕಡಿಮೆ. ಅಮೆರಿಕದ ಕೆಲಸಗಾರರು ಎದುರುಬದುರು ನಿಂತು ಸನ್ನೆಯನ್ನು ಮೇಲೆ ಕೆಳಗೆ ಒತ್ತಿ ಕೈಬಂಡಿ ಓಡಿಸುತ್ತಿದ್ದರು; 20ನೇ ಶತಮಾನದಲ್ಲಿ ಮೋಟಾರು ಅದನ್ನು ಮೂಲೆಗೆ ಸೇರಿಸಿತು.

ನಮ್ಮ ದೇಶದಲ್ಲಿ ನೆಲೆಯೂರಿದ್ದು ಸನ್ನೆಯಿಲ್ಲದ ತಳ್ಳುವ ಟ್ರಾಲಿ. ಅಧಿಕಾರಿಗಳು ಬೆಂಚಿನ ಮೇಲೆ ಕುಳಿತು ಹಳಿಯ ಬಿರುಕು, ಸಡಿಲಾದ ಬೋಲ್ಟು, ಸರಿದ ಜಲ್ಲಿ ನೋಡುತ್ತಾ ಸಾಗುವರು. ಹಿಂದೆ ಟ್ರಾಲಿಮನ್‌ಗಳು ಸುಮಾರು 7 ಸೆಂಟಿಮೀಟರ್ ಅಗಲದ ಹಳಿಯ ಮೇಲೆಯೇ, ಎಷ್ಟೋ ಕಡೆ ಬರಿಗಾಲಲ್ಲಿ, ಓಡುತ್ತಾ ತಳ್ಳುವರು. ಇಳಿಜಾರು ಬಂದರೆ ಹಾರಿ ಕೂರುವರು. ಸರ್ಕಸ್ಸಿನವರಿಗಾದರೆ ಚಪ್ಪಾಳೆಯಾದರೂ ಸಿಗುತ್ತದೆ!

ರೈಲು ಬಂತೆಂದರೆ ಎಲ್ಲರೂ ಸೇರಿ ಟ್ರಾಲಿಯನ್ನು ಎತ್ತಿ ಬದಿಗಿಡಬೇಕು. ತಿರುವಿನಲ್ಲಿ ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಕೇಳಿಸಬೇಕು, ತಡವಾದರೆ ಪ್ರಾಣಕ್ಕೇ ಸಂಚಕಾರ. ಅಳತೆಯ ಯಂತ್ರಗಳು ಬಂದ ಮೇಲೂ ಭಾರತದಲ್ಲಿ ಈ ಟ್ರಾಲಿ ತಪಾಸಣೆ ನಿಂತಿಲ್ಲ.