ಓದುಗನಿದ್ದ, ಅಕ್ಷರವೇ ತಲುಪಿರಲಿಲ್ಲ

ಕನ್ನಡದಲ್ಲಿ ಓದುವವರು ಕಡಿಮೆಯಾಗುತ್ತಿದ್ದಾರೆ ಎಂಬ ಕೊರಗು ಪುಸ್ತಕ ಬಿಡುಗಡೆಯ ವೇದಿಕೆಗಳಲ್ಲಿ ಈಗ ರೂಢಿಯ ಮಾತಾಗಿದೆ. ಮೊಬೈಲು ಬಂತು, ಓದು ಹೋಯಿತು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಆದರೆ ಕನ್ನಡ ಕಂಪ್ಯೂಟರಿಗೆ, ಅಲ್ಲಿಂದ ಅಂತರಜಾಲಕ್ಕೆ, ಅಲ್ಲಿಂದ ಅಂಗೈಗೆ ಬಂದ ದಾರಿಯನ್ನು ತಿರುಗಿ ನೋಡಿದರೆ ನನಗೆ ಕಾಣುವ ಚಿತ್ರ ಬೇರೆ. ಹೆಚ್ಚುಕಡಿಮೆ ಪ್ರತಿ ಹಂತದಲ್ಲೂ ಓದುಗ, ಕೇಳುಗ, ನೋಡುಗ ಮೊದಲೇ ಬಂದು ಕಾದಿದ್ದ. ಸಾಧನಕ್ಕೆ ಕನ್ನಡ ಬರುವುದು ತಡವಾಯಿತು.

ಕಾಯುತ್ತಿದ್ದವನು ಯಾರು ಎಂಬುದನ್ನು ಮೊದಲು ನೆನೆಯಬೇಕು. 1956ರ ‘ಕಸ್ತೂರಿ’, 1965ರ ‘ಸುಧಾ’, 1968ರ ‘ಮಯೂರ’, 1980ರ ‘ಲಂಕೇಶ್ ಪತ್ರಿಕೆ’, ಅದರ ಬೆನ್ನಿಗೇ ಬಂದ ‘ತರಂಗ’ ಸೇರಿ ಬೆಳೆಸಿದ ಓದುಗ ಅವನು. ಮನೆಗೆ ಬಂದ ಒಂದು ಸಂಚಿಕೆಯನ್ನು ನಾಲ್ಕು ಜನ ಓದಿ, ಪಕ್ಕದ ಮನೆಗೆ ಕೊಟ್ಟು, ಧಾರಾವಾಹಿಯ ಮುಂದಿನ ಕಂತಿಗೆ ವಾರವಿಡೀ ಕಾಯುತ್ತಿದ್ದ. ಜಾಹೀರಾತನ್ನೇ ಹಾಕದ ಲಂಕೇಶ್ ಪತ್ರಿಕೆ ನಿಂತಿದ್ದು ಅವನು ಕಿಸೆಯಿಂದ ತೆಗೆದುಕೊಟ್ಟ ಕಾಸಿನ ಮೇಲೆ. ಇಂಥ ಓದುಗ ಒಂದು ದಶಕದಲ್ಲಿ ಮಾಯವಾದ ಎಂದರೆ ನಂಬುವುದು ಕಷ್ಟ.

ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವ ಕೆಲಸವನ್ನು ನೆನೆದಾಗ ಮೊದಲು ಹೇಳಬೇಕಾದ ಹೆಸರು ಕೆ.ಪಿ. ರಾವ್ ಅವರದು. ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಕನ್ನಡವನ್ನು ಉಚ್ಚಾರಕ್ಕೆ ಹೊಂದಿಸಿ ಕೂರಿಸಿದ ಅವರ ವಿನ್ಯಾಸ ಸರಳ. ಕೆ ಒತ್ತಿದರೆ ‘ಕ’. ನಡುವೆ ಎಫ್ ಒತ್ತಿ ಮತ್ತೊಮ್ಮೆ ಕೆ ಒತ್ತಿದರೆ ‘ಕ್ಕ’. ಎಷ್ಟು ಒತ್ತಕ್ಷರಗಳಿದ್ದರೂ ಅವಕ್ಕೆ ಬೇರೆ ಕೀಲಿ ಬೇಡ, ಬೆರಳುಗಳು ಕಾಗುಣಿತವನ್ನೇ ಅನುಸರಿಸುತ್ತವೆ. ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಇದೇ ವಿನ್ಯಾಸದ ಮೇಲೆ ನಿಂತಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಅಮೆರಿಕದಲ್ಲಿ ಕೂತವರೂ ಊರಿನವರಿಗೆ ಕನ್ನಡದಲ್ಲಿ ಪತ್ರ ಬರೆಯುವಂತಾಯಿತು.

ಆದರೆ ಈ ಎಲ್ಲದರೊಳಗೆ ಒಂದು ತೊಡಕು ಅಡಗಿತ್ತು. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರದ ಸಂಕೇತಗಳ ಮೇಲೆ ಕನ್ನಡದ ಆಕಾರವನ್ನು ಹೊದಿಸುತ್ತಿದ್ದವು. ಕಡತದ ಒಳಗೆ ಇರುತ್ತಿದ್ದುದು ಇಂಗ್ಲಿಷ್ ಸಂಕೇತವೇ, ತೆರೆಯ ಮೇಲೆ ಕಾಣುತ್ತಿದ್ದುದು ಮಾತ್ರ ಕನ್ನಡ. ಆ ಫಾಂಟು ಇಲ್ಲದ ಗಣಕದಲ್ಲಿ ಕಡತ ತೆರೆದರೆ ಕಣ್ಣಿಗೆ ಬೀಳುತ್ತಿದ್ದುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಒಬ್ಬರ ಫಾಂಟು ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ, ಒಂದು ಜಾಲತಾಣ ಓದಲು ಒಂದು ಫಾಂಟು ಇಳಿಸಿಕೊಂಡರೆ ಮತ್ತೊಂದಕ್ಕೆ ಮತ್ತೊಂದು. ಹುಡುಕು ಯಂತ್ರಗಳಿಗಂತೂ ಈ ಪುಟಗಳು ಕನ್ನಡದವು ಎಂಬುದೇ ತಿಳಿಯುತ್ತಿರಲಿಲ್ಲ. ಜಾಲದಲ್ಲಿ ಕನ್ನಡ ಇತ್ತು, ಹುಡುಕಿದವನಿಗೆ ಸಿಗುತ್ತಿರಲಿಲ್ಲ.

ಇಷ್ಟು ಅಡೆತಡೆಗಳ ನಡುವೆಯೂ ಓದುಗ ಬಂದ. ಯು.ಬಿ. ಪವನಜ ಅವರು 1996ರಲ್ಲೇ ‘ವಿಶ್ವಕನ್ನಡ’ ಅಂತರಜಾಲ ಪತ್ರಿಕೆ ಆರಂಭಿಸಿದ್ದರು. 2000ದ ಹೊತ್ತಿಗೆ ‘ದಟ್ಸ್ ಕನ್ನಡ’ ಸುದ್ದಿತಾಣ ಶುರುವಾಗಿ ಹೊರನಾಡಿನ ಕನ್ನಡಿಗರಿಗೆ ಊರಿನ ಸುದ್ದಿ ಅದೇ ದಿನ ಮುಟ್ಟತೊಡಗಿತು. ಅಂಚೆಯಲ್ಲಿ ವಾರಗಟ್ಟಲೆ ಹಳೆಯದಾಗಿ ಬರುತ್ತಿದ್ದ ಪತ್ರಿಕೆಗೆ ಕಾಯುತ್ತಿದ್ದವರಿಗೆ ಇದು ಸಣ್ಣ ಬದಲಾವಣೆಯಲ್ಲ.

ಗಂಟು ಬಿಡಿಸಿದ್ದು ಯೂನಿಕೋಡ್. ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಟ್ಟ ಈ ಶಿಷ್ಟತೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಜಾಗವಿತ್ತು. ಆದರೆ ಆ ಕನ್ನಡ ಸಾಮಾನ್ಯರ ಗಣಕದ ತೆರೆಯ ಮೇಲೆ ಮೂಡಲು 2001ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರ ಜೊತೆ ಬಂದ ‘ತುಂಗಾ’ ಫಾಂಟಿನವರೆಗೆ ಕಾಯಬೇಕಾಯಿತು. ಹತ್ತು ವರ್ಷದ ಅಂತರ! ನಾನು ಹೇಳುತ್ತಿರುವ ತಡ ಇದೇ. ದಾರಿ ತೆರೆಯುತ್ತಲೇ ಏನಾಯಿತು ನೋಡಿ: 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ಹರಿಪ್ರಸಾದ್ ನಾಡಿಗರ ‘ಸಂಪದ’, 2007ರಲ್ಲಿ ಅಬ್ದುಲ್ ರಶೀದರ ‘ಕೆಂಡಸಂಪಿಗೆ’, ಅದೇ ವರ್ಷ ಜಿ.ಎನ್. ಮೋಹನ್ ಅವರ ‘ಅವಧಿ’. ಇವುಗಳ ಸುತ್ತ ಲೆಕ್ಕವಿಲ್ಲದಷ್ಟು ಬ್ಲಾಗುಗಳು. ಸಂಪಾದಕರ ಮೇಜು ದಾಟದೆ ಉಳಿದಿದ್ದ ಎಷ್ಟೋ ಬರಹಗಾರರು, ಅದರಲ್ಲೂ ಮಹಿಳೆಯರು, ಬರೆದದ್ದನ್ನು ಅಂದೇ ಓದಿಸಿ ಅಂದೇ ಪ್ರತಿಕ್ರಿಯೆ ಪಡೆದರು. ಆ ನಾಲ್ಕೈದು ವರ್ಷ ಕನ್ನಡ ಗದ್ಯಕ್ಕೆ ಒಂದು ಹೊಸ ಸಲುಗೆ ಬಂತು ಎಂದು ನಾನು ನಂಬಿದ್ದೇನೆ. ಇಂದಿನ ಪ್ರಬಂಧ, ಅಂಕಣಗಳಲ್ಲಿ ಕಾಣುವ ಆಪ್ತ ಧಾಟಿಯ ಬೇರು ಅಲ್ಲಿದೆ.

ಮೊಬೈಲಿನಲ್ಲಿ ಇದೇ ಕಥೆ ಮತ್ತೆ ಮೊದಲಿನಿಂದ ನಡೆಯಿತು. ಶುರುವಿನ ಸ್ಮಾರ್ಟ್‌ಫೋನುಗಳಲ್ಲಿ ಕನ್ನಡ ಸಂದೇಶ ತೆರೆದರೆ ಕಾಣುತ್ತಿದ್ದುದು ಸಾಲು ಸಾಲು ಖಾಲಿ ಚೌಕ. ಈ ಕೊರತೆಯನ್ನೇ ಅವಕಾಶ ಮಾಡಿಕೊಂಡದ್ದು 2009ರಲ್ಲಿ ಬಂದ ‘ನ್ಯೂಸ್‌ಹಂಟ್’. ಅಕ್ಷರ ಮೂಡಿಸುವ ವ್ಯವಸ್ಥೆಯನ್ನು ಆ್ಯಪಿನೊಳಗೇ ಇಟ್ಟುಕೊಂಡು, ನೋಕಿಯಾದ ಸಣ್ಣ ಪರದೆಗೂ ಭಾರತೀಯ ಭಾಷೆಗಳ ಪತ್ರಿಕೆಗಳನ್ನು ಅದು ತಂದಿತು. ಮುಂದೆ ‘ಡೇಲಿಹಂಟ್’ ಆಗಿ ಬೆಳೆದದ್ದು ಅದೇ. 2012ರ ಆಂಡ್ರಾಯ್ಡ್ ಜೆಲ್ಲಿಬೀನ್ ಆವೃತ್ತಿ ಕನ್ನಡ ಲಿಪಿಯನ್ನು ತಾನಾಗಿಯೇ ಮೂಡಿಸುವಂತಾದ ಮೇಲೆ ಚೌಕಗಳ ಕಾಟ ಕ್ರಮೇಣ ನಿಂತಿತು. ‘ಜಸ್ಟ್ ಕನ್ನಡ’ದಂಥ ಕೀಲಿಮಣೆಗಳು ಬಂದವು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವ ಕಂಗ್ಲಿಷಿನಲ್ಲಿ ಒದ್ದಾಡುತ್ತಿದ್ದವರು ಕನ್ನಡ ಲಿಪಿಗೇ ಮರಳಿದರು.

ಆಮೇಲಿನದು ನಮ್ಮ ಕಣ್ಣೆದುರೇ ನಡೆದದ್ದು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2017ರ ಆಗಸ್ಟಿನಲ್ಲಿ ಗೂಗಲ್‌ನ ಧ್ವನಿ ಬೆರಳಚ್ಚಿಗೆ ಕನ್ನಡ ಸೇರಿತು. ಇವೆರಡರಲ್ಲಿ ಎರಡನೆಯದರ ಬಗ್ಗೆ ಮಾತು ಕಡಿಮೆ, ಪರಿಣಾಮ ಮಾತ್ರ ಆಳ. ಕೀಲಿಮಣೆಯ ಮುಂದೆ ಹಿಂಜರಿಯುತ್ತಿದ್ದ ಹಿರಿಯರು, ಶಾಲೆ ಬೇಗ ಬಿಟ್ಟವರು ಮೈಕಿನ ಗುರುತು ಒತ್ತಿ ‘ರಾಗಿ ಬೆಳೆಗೆ ಯಾವ ಗೊಬ್ಬರ’ ಎಂದು ಕೇಳಿ ಉತ್ತರದ ವಿಡಿಯೊ ನೋಡತೊಡಗಿದರು. ಬರೆಯಲು ಬಾರದಿದ್ದವರೂ ಮಾಧ್ಯಮದಿಂದ ತಮಗೆ ಬೇಕಾದುದನ್ನು ಕನ್ನಡದಲ್ಲಿ ತಾವೇ ಕೇಳಿ ಪಡೆಯುವಂತಾಯಿತು. ಅಲ್ಲಿಯವರೆಗೆ ಹೆಚ್ಚಾಗಿ ರೇಡಿಯೊ ಕೊಟ್ಟದ್ದನ್ನು ಅದು ಕೊಟ್ಟ ಹೊತ್ತಿಗೆ ಕೇಳಬೇಕಿತ್ತು.

ಪುಸ್ತಕದ ವಿಷಯದಲ್ಲಿ ನಮಗಾದ ಗಾಯ ಇನ್ನೂ ಮಾಸಿಲ್ಲ. 2016ರ ಡಿಸೆಂಬರಿನಲ್ಲಿ ಅಮೆಜಾನ್ ತನ್ನ ಕಿಂಡಲ್‌ಗೆ ಭಾರತೀಯ ಭಾಷೆಗಳನ್ನು ಸೇರಿಸಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ. ಪಕ್ಕದ ರಾಜ್ಯದ ಓದುಗ ತನ್ನ ಭಾಷೆಯ ಕಾದಂಬರಿಯನ್ನು ಕ್ಷಣದಲ್ಲಿ ಇಳಿಸಿಕೊಳ್ಳುವಾಗ, ಬೆಂಗಳೂರಿನಲ್ಲೇ ಕೂತ ಕನ್ನಡ ಲೇಖಕನಿಗೆ ಆ ಅಂಗಡಿಯ ಬಾಗಿಲು ಮುಚ್ಚಿತ್ತು. ಕನ್ನಡದಲ್ಲಿ ಇ-ಪುಸ್ತಕ ಓದುವವರಿಲ್ಲ ಎಂದು ಆಗ ವಾದಿಸಿದವರಿದ್ದರು. ಮಾರಾಟಕ್ಕೇ ಇಡದ ಸರಕಿಗೆ ಗಿರಾಕಿ ಇಲ್ಲ ಎನ್ನುವ ಈ ವಾದವನ್ನು ನಾನು ಎಂದೂ ಒಪ್ಪಿಲ್ಲ. 2020ರಲ್ಲಿ ಪವಮಾನ ಅಥಣಿ ಮತ್ತು ವಸಂತ ಶೆಟ್ಟಿ ‘ಮೈಲ್ಯಾಂಗ್’ ಮೂಲಕ ಕನ್ನಡದ ಇ-ಪುಸ್ತಕ, ಆಡಿಯೊ ಪುಸ್ತಕಗಳಿಗೆ ನಮ್ಮದೇ ಅಂಗಡಿ ತೆರೆದರು. ಪ್ರಕಾಶಕರನ್ನು ಒಬ್ಬೊಬ್ಬರನ್ನಾಗಿ ಒಪ್ಪಿಸಿ, ಹಳೆಯ ಫಾಂಟಿನ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ತಪ್ಪು ತಿದ್ದಿ, ದನಿ ಕೊಡುವವರನ್ನು ಹುಡುಕಿ ಕಟ್ಟುವ ಕೆಲಸ ಇದು. ದೊಡ್ಡ ಬಂಡವಾಳದ ಕಂಪನಿಗಳು ಕೈಬಿಟ್ಟ ಜಾಗದಲ್ಲಿ ಇಂಥ ಸಣ್ಣ ತಂಡಗಳು ನಿಂತದ್ದರಿಂದಲೇ ದುಬೈಯಲ್ಲೋ ಡಾಲಸ್‌ನಲ್ಲೋ ಇರುವವರು ಕಾರು ಓಡಿಸುತ್ತ ಕನ್ನಡ ಕಾದಂಬರಿ ಕೇಳುತ್ತಿದ್ದಾರೆ.

ಕೇಳುವ ಅಭ್ಯಾಸ ನಮಗೆ ಹೊಸದೇನೂ ಅಲ್ಲ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಬಾನುಲಿ ಕೇಂದ್ರ ತೆರೆದ ನಾಡು ಇದು. ಕರಾವಳಿಯಲ್ಲಿ ತಾಳಮದ್ದಳೆಯ ಕ್ಯಾಸೆಟ್ಟುಗಳು ಮನೆಮನೆಗೆ ಹೋಗಿದ್ದವು. ಅವು ಈಗ ಫೋನಿನಿಂದ ಫೋನಿಗೆ ಹರಿಯುತ್ತವೆ. ಕೊರೋನಾ ಕಾಲದಲ್ಲಿ ಮೇಳಗಳ ತಿರುಗಾಟ ನಿಂತಾಗ ಯಕ್ಷಗಾನ ಯೂಟ್ಯೂಬಿನ ನೇರಪ್ರಸಾರಕ್ಕೆ ಬಂತು, ಮುಂಬೈಯ ಮನೆಗಳಲ್ಲೂ ಚೆಂಡೆಯ ಸದ್ದು ಕೇಳಿತು. ಇಲ್ಲಿ ನನಗೊಂದು ಆತಂಕವೂ ಇದೆ. ರಾತ್ರಿಯಿಡೀ ನಡೆಯುವ ಆಟದಿಂದ ಬಿರುಸಿನ ಎರಡು ನಿಮಿಷ ಕತ್ತರಿಸಿ ಹಂಚಿದಾಗ ನೋಡುವವರಿಗೆ ಸಿಗುವುದು ವೇಷ ಮತ್ತು ಕುಣಿತದ ದಿಗಿಣ. ಅರ್ಥಗಾರಿಕೆಯ ಕಟ್ಟಡ, ಅಂದರೆ ಒಂದು ಪಾತ್ರ ಇನ್ನೊಂದರ ಮಾತಿಗೆ ಮಾತು ಪೋಣಿಸುತ್ತ ಏರುವ ಪರಿ, ಆ ತುಣುಕಿನಲ್ಲಿ ಸಿಗುವುದಿಲ್ಲ. ಯಾವುದು ಮುಂದೆ ಬರಬೇಕು ಎಂದು ಆರಿಸುವ ಯೂಟ್ಯೂಬಿನಂಥ ತಾಣಗಳ ಲೆಕ್ಕಾಚಾರ ನಮ್ಮ ಕೈಯಲ್ಲಿಲ್ಲ. ಅದು ತುಣುಕನ್ನೇ ಮೆಚ್ಚುತ್ತದೆ.

ಸಿನಿಮಾದಲ್ಲಿ ಇದೇ ಅಸಹಾಯಕತೆಯ ಇನ್ನೊಂದು ಮುಖ ಕಾಣುತ್ತದೆ. ಪವನ್ ಕುಮಾರ್ ಅವರ 2013ರ ‘ಲೂಸಿಯಾ’ಗೆ ದುಡ್ಡು ಹೊಂದಿದ್ದು ಜನರಿಂದಲೇ, ಅಂತರಜಾಲದ ಮೂಲಕ. ಪ್ರೇಕ್ಷಕ ಟಿಕೆಟ್ ಕೊಳ್ಳುವುದಕ್ಕೆ ಮೊದಲೇ ಚಿತ್ರದ ಬೆನ್ನಿಗೆ ನಿಲ್ಲಬಲ್ಲ ಎಂದು ಅದು ತೋರಿಸಿತು. 2020ರ ಜುಲೈನಲ್ಲಿ ಚಿತ್ರಮಂದಿರಗಳು ಮುಚ್ಚಿದ್ದಾಗ ಪುನೀತ್ ರಾಜ್‌ಕುಮಾರ್ ಅವರ ಸಂಸ್ಥೆಯ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ನೇರವಾಗಿ ಪ್ರೈಮ್ ವಿಡಿಯೊದಲ್ಲಿ ತೆರೆಕಂಡವು. ಇನ್ನು ದಾರಿ ಸುಗಮ ಎಂದುಕೊಂಡೆವು. ಹಾಗಾಗಲಿಲ್ಲ. ಕರಾವಳಿಯ ಮಣ್ಣಿನ ಕಥೆಗಳನ್ನು ಹೇಳಿದ ‘ಏಕಂ’ ಸರಣಿಯನ್ನು ಕೊಳ್ಳುವ ಓಟಿಟಿ ಸಿಗದೆ, 2024ರಲ್ಲಿ ತಯಾರಕರು ಅದಕ್ಕೆಂದೇ ಜಾಲತಾಣ ಕಟ್ಟಿ ಅಲ್ಲಿಯೇ ಬಿಡುಗಡೆ ಮಾಡಬೇಕಾಯಿತು. ತೆಲುಗು, ತಮಿಳು, ಮಲಯಾಳಂ ಸರಣಿಗಳಿಗೆ ಹಣ ಹೂಡಿದವರಿಗೆ ಕನ್ನಡ ಸಣ್ಣ ಮಾರುಕಟ್ಟೆಯಾಗಿ ಕಂಡಿತು. ಕಿಂಡಲ್ ಪ್ರಸಂಗದ ಮರುಕಳಿಕೆ ಇದು. ಈ ಸಲ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಡಬ್ಬಿಂಗಿಗೆ ಕನ್ನಡ ಚಿತ್ರರಂಗ ದಶಕಗಳ ಕಾಲ ಒಡ್ಡಿದ್ದ ತಡೆಯ ವಿರುದ್ಧ 2015ರಲ್ಲಿ ಸ್ಪರ್ಧಾ ಆಯೋಗ ತೀರ್ಪು ಕೊಡುವವರೆಗೆ, ಹೊರಗಿನ ಒಳ್ಳೆಯದನ್ನು ಕನ್ನಡದಲ್ಲೇ ನೋಡುವ ಅವಕಾಶ ಪ್ರೇಕ್ಷಕನಿಗೆ ಇರಲಿಲ್ಲ. ಬೇರೆ ಭಾಷೆಯಲ್ಲಿ ನೋಡಿ ರೂಢಿಯಾದವನನ್ನು ಓಟಿಟಿಗಳ ಲೆಕ್ಕಾಚಾರ ಕನ್ನಡ ಪ್ರೇಕ್ಷಕನೆಂದು ಎಣಿಸಲಿಲ್ಲ.

ಈ ಎಲ್ಲ ಬದಲಾವಣೆಗಳಲ್ಲಿ ನನ್ನನ್ನು ಅತಿ ಹೆಚ್ಚು ಹಿಗ್ಗಿಸಿದ್ದು ಸದ್ದಿಲ್ಲದೆ ನಡೆದ ಒಂದು ಕೆಲಸ. ಓ.ಎಲ್. ನಾಗಭೂಷಣಸ್ವಾಮಿ, ವಸುಧೇಂದ್ರ, ಓಂಶಿವಪ್ರಕಾಶ್ ಮತ್ತವರ ಗೆಳೆಯರು ಕಟ್ಟಿದ ‘ವಚನ ಸಂಚಯ’ದಲ್ಲಿ ಒಂದು ಪದ ಬರೆದು ಹುಡುಕಿದರೆ, ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಆ ಪದ ಎಲ್ಲೆಲ್ಲಿ ಬಂದಿದೆ, ಯಾವ ವಚನಕಾರರು ಬಳಸಿದ್ದಾರೆ ಎಂಬುದು ಕ್ಷಣದಲ್ಲಿ ತೆರೆಯ ಮೇಲೆ ಬರುತ್ತದೆ. ‘ಕಾಯಕ’ ಎಂದು ಕೊಡಿ. ಸಮಗ್ರ ವಚನದ 15 ಸಂಪುಟಗಳನ್ನು ಹರಡಿಕೊಂಡು ತಿಂಗಳುಗಟ್ಟಲೆ ಟಿಪ್ಪಣಿ ಮಾಡಬೇಕಿದ್ದ ಹುಡುಕಾಟ ಹಳ್ಳಿಯ ಕಾಲೇಜಿನ ವಿದ್ಯಾರ್ಥಿನಿಯ ಫೋನಿನಲ್ಲಿ ನಡೆಯುತ್ತದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಸಿದ್ಧಪಡಿಸಿದ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ‘ಅಲರ್’ ನಿಘಂಟು 2019ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಏರಿಸುವ ಸಂಚಿ ಫೌಂಡೇಶನ್ ಮತ್ತು ಸರ್ವೆಂಟ್ಸ್ ಆಫ್ ನಾಲೆಜ್ ಬಳಗದ ಶ್ರಮದಿಂದ, ಅಂಗಡಿಗಳಲ್ಲಿ ಎಂದೋ ಕಾಣೆಯಾದ ಹೊತ್ತಿಗೆಗಳು ಮತ್ತೆ ಓದಲು ಸಿಗುತ್ತಿವೆ. ಇದು ಮಾಧ್ಯಮದ ಚರಿತ್ರೆಯಲ್ಲವೇ? ಖಂಡಿತ ಹೌದು. ಓದುವುದೆಂದರೆ ಹೊಸದನ್ನು ಓದುವುದು ಮಾತ್ರವಲ್ಲ.

ಮುದ್ರಣದ ಹಳತು ಹೀಗೆ ಉಳಿಯುತ್ತಿರುವಾಗ, ಜಾಲದಲ್ಲೇ ಹುಟ್ಟಿದ ಕನ್ನಡ ಅಳಿಯುತ್ತಿದೆ. 2014ರಲ್ಲಿ ಆರ್ಕುಟ್ ಮುಚ್ಚಿದ ಮೇಲೆ ಅಲ್ಲಿನ ಕನ್ನಡ ಬಳಗಗಳ ಮಾತುಕತೆ ಕ್ರಮೇಣ ಕಣ್ಮರೆಯಾಯಿತು. 2019ರಲ್ಲಿ ಗೂಗಲ್ ಪ್ಲಸ್ ಹೋಯಿತು. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಹಳ್ಳಿಗಳಿಂದ ಬಂದಿದ್ದ ಕನ್ನಡದ ಹಾಡು, ಹಾಸ್ಯ, ಅಭಿನಯ ಎಲ್ಲ ಒಂದೇ ರಾತ್ರಿಯಲ್ಲಿ ನೋಡುಗರ ಕೈತಪ್ಪಿದವು. ಬ್ಲಾಗುಗಳ ಕಾಲದ ಬರಹಗಳಲ್ಲಿ ಎಷ್ಟೋ ಕೊಂಡಿಗಳನ್ನು ಒತ್ತಿದರೆ ಪುಟವೇ ತೆರೆಯುವುದಿಲ್ಲ. ಮುದ್ರಿತ ಪುಸ್ತಕದ ಪ್ರತಿಯನ್ನು ಗ್ರಂಥಾಲಯಕ್ಕೆ ಒಪ್ಪಿಸಬೇಕೆಂಬ ಕಾನೂನು ಇದೆ, ಕನ್ನಡದ ಜಾಲತಾಣಗಳನ್ನು ಹಾಗೆ ಕಾದಿಡುವ ಏರ್ಪಾಡಿಲ್ಲ. ಇದಕ್ಕೆ ಬೇಕಾದ ತಂತ್ರ ದುಬಾರಿಯೂ ಅಲ್ಲ, ಹೊಸದೂ ಅಲ್ಲ. ಒಂದು ವಿಶ್ವವಿದ್ಯಾಲಯ ಮನಸ್ಸು ಮಾಡಿದರೆ ‘ಸಂಪದ’, ‘ಕೆಂಡಸಂಪಿಗೆ’, ‘ಅವಧಿ’ಗಳ ಮೊದಲ ಪುಟಗಳಿಂದಲೇ ಆ ಕೆಲಸ ಶುರುವಾಗಬಹುದು. ಬರೆದವರು, ನಡೆಸಿದವರು ನಮ್ಮ ನಡುವೆ ಇರುವಾಗಲೇ ಅದು ಆಗಬೇಕು.